ಮೇಳದ ಮೈದಾನಕ್ಕೆ ಬಂದ ಗೋಡೆ

ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಬೋಲ್ಪುರದಲ್ಲಿ ಬುಧವಾರ ಬ್ಯಾಂಕು, ಕಚೇರಿಗಳು ಎಂದಿನಂತೆ ನಡೆಯುತ್ತವೆ. ಪಕ್ಕದ ಶಾಂತಿನಿಕೇತನದ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕೆ ಮಾತ್ರ ಅಂದು ವಾರದ ರಜೆ. ಅಲ್ಲಿ ಅದು ಉಪಾಸನೆಯ ದಿನ. ವಾರದ ಲೆಕ್ಕ ಬೇರೆಯಾದರೂ ಊರು ಮತ್ತು ವಿಶ್ವವಿದ್ಯಾಲಯ ದಶಕಗಳ ಕಾಲ ಹೊಂದಿಕೊಂಡೇ ಬಂದವು. ಈಚೆಗೆ ಅವುಗಳ ನಡುವೆ ಮನಸ್ತಾಪ ತಂದದ್ದು ಒಂದು ಮೈದಾನ, ಒಂದು ರಸ್ತೆ, ಒಂದು ಗೋಡೆ.

ದೇವೇಂದ್ರನಾಥ ಟ್ಯಾಗೋರ್ 1863ರಲ್ಲಿ ಎರಡು ಹಾಲೆ ಮರಗಳಿದ್ದ 20 ಬಿಘಾ ಬಯಲನ್ನು ರಾಯ್‌ಪುರದ ಜಮೀನ್ದಾರರಿಂದ ಗೇಣಿಗೆ ಪಡೆದರು. 1888ರ ಟ್ರಸ್ಟ್ ಪತ್ರದಲ್ಲಿ ಇಲ್ಲಿ ವರ್ಷಕ್ಕೊಮ್ಮೆ ಮೇಳ ನಡೆಯಬೇಕೆಂದು ಬರೆಸಿದರು. ಮದ್ಯ, ಮಾಂಸ ಬಿಟ್ಟು ಉಳಿದದ್ದನ್ನು ಮಾರಬಹುದಿತ್ತು. ಮೊದಲ ಪೌಷ ಮೇಳ ನಡೆದದ್ದು 1894ರಲ್ಲಿ. ಅವರ ಮಗ ರವೀಂದ್ರನಾಥರ ಶಾಲೆ ಶುರುವಾದದ್ದು 1901ರಲ್ಲಿ, ವಿಶ್ವಭಾರತಿ 1921ರಲ್ಲಿ. ಅಂದರೆ ಊರಿನ ಮೇಳ ವಿಶ್ವವಿದ್ಯಾಲಯಕ್ಕಿಂತ ಹಿರಿಯದು.

ಡಿಸೆಂಬರಿನ ಚಳಿಯಲ್ಲಿ ಏಕತಾರಿ ಹಿಡಿದ ಬಾವುಲರು ಹಾಡುತ್ತಾರೆ. ಕಾಂತಾ ಕಸೂತಿಯ ಸೀರೆ, ಡೋಕ್ರಾ ಲೋಹದ ಬೊಂಬೆ, ಖರ್ಜೂರದ ಹೊಸ ಬೆಲ್ಲ ಮಾರಾಟಕ್ಕೆ ಬರುತ್ತವೆ. ಸುತ್ತಲಿನ ಹಳ್ಳಿಗಳ ಕುಶಲಕರ್ಮಿಗಳಿಗೆ, ಬೋಲ್ಪುರದ ಹೋಟೆಲ್, ಟೋಟೊ ರಿಕ್ಷಾದವರಿಗೆ ಇದು ಸಂಪಾದನೆಯ ಕಾಲ.

ವಿಶ್ವವಿದ್ಯಾಲಯದ ಕಷ್ಟವೂ ಸುಳ್ಳಲ್ಲ. 2004ರ ಮಾರ್ಚ್‌ನಲ್ಲಿ ರವೀಂದ್ರರ ನೊಬೆಲ್ ಪದಕ ಅಲ್ಲಿನ ಸಂಗ್ರಹಾಲಯದಿಂದಲೇ ಕಳುವಾಯಿತು. ಆಮೇಲೆ ಬೇಲಿ, ಕಾವಲು ಬಿಗಿಯಾದವು. ಮೇಳದ ಕಸ, ಹೊಗೆಯ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅವಧಿ ಮುಗಿದರೂ ಕೆಲವರು ಮಳಿಗೆ ಕೀಳುವುದಿಲ್ಲ ಎಂಬುದು ಆಡಳಿತದ ಇನ್ನೊಂದು ಅಹವಾಲು.

2020ರಲ್ಲಿ ಇನ್ನು ಮೇಳ ನಡೆಸುವುದಿಲ್ಲವೆಂದು ಆಡಳಿತ ಘೋಷಿಸಿ, ಮೈದಾನದ ಸುತ್ತ ಗೋಡೆ ಕಟ್ಟಲು ಹೊರಟಿತು. ಆಗಸ್ಟ್ 17ರಂದು ಸಾವಿರಾರು ಜನ ಮೆರವಣಿಗೆಯಲ್ಲಿ ಬಂದರು. ಗೋಡೆಯ ಕೆಲಸ ಧ್ವಂಸವಾಯಿತು, ಮೈದಾನದ ಗೇಟನ್ನು ಜೆಸಿಬಿ ಕೆಡವಿತು. ವಿಶ್ವವಿದ್ಯಾಲಯ ಬಾಗಿಲು ಹಾಕಿತು, ವಿಷಯ ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲೇರಿತು. ಅದೇ ಡಿಸೆಂಬರಿನಲ್ಲಿ ಮತ್ತೊಂದು ತಕರಾರು ಎದ್ದಿತು. 2017ರಲ್ಲಿ ವಿಶ್ವಭಾರತಿಗೆ ಬಿಟ್ಟುಕೊಟ್ಟಿದ್ದ ರಸ್ತೆಯಲ್ಲಿ ಓಡಾಟಕ್ಕೆ ಅಡ್ಡಿಯಾಗುತ್ತಿದೆ ಎಂದು ನಿವಾಸಿಗಳು ದೂರಿದ್ದರಿಂದ ರಾಜ್ಯ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು.

ಜಗಳ ಮನೆಯಂಗಳಕ್ಕೂ ಬಂತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ‘ಪ್ರತೀಚಿ’ ಮನೆಯ ನಿವೇಶನದಲ್ಲಿ 0.13 ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ ಐದು ಗುಂಟೆಯಷ್ಟು ಜಾಗ ಒತ್ತುವರಿ ಎಂದು ವಿಶ್ವಭಾರತಿ 2023ರಲ್ಲಿ ತೆರವಿನ ಆದೇಶ ಹೊರಡಿಸಿತು. 2024ರ ಜನವರಿಯಲ್ಲಿ ಸೂರಿಯ ಜಿಲ್ಲಾ ನ್ಯಾಯಾಲಯ ಅದನ್ನು ರದ್ದುಮಾಡಿತು. ನಡುವೆ, 2023ರ ಸೆಪ್ಟೆಂಬರಿನಲ್ಲಿ ಶಾಂತಿನಿಕೇತನಕ್ಕೆ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ಆ ಸಂತೋಷವೂ ಉಳಿಯಲಿಲ್ಲ. ನೆಟ್ಟ ಫಲಕಗಳಲ್ಲಿ ಕುಲಾಧಿಪತಿಯಾದ ಪ್ರಧಾನಿ ಮತ್ತು ಅಂದಿನ ಕುಲಪತಿಯ ಹೆಸರಿತ್ತು, ರವೀಂದ್ರರ ಹೆಸರಿರಲಿಲ್ಲ. ಪ್ರತಿಭಟನೆ ನಡೆದು ಅವು ಬದಲಾದವು.

ಬೋಲ್ಪುರದ ಡಾಕ್‌ಬಂಗ್ಲೊ ಮೈದಾನದಲ್ಲಿ ಬದಲಿ ಮೇಳ ನಡೆಸಿದ್ದ ಊರಿಗೆ 2023ರಲ್ಲಿ ಹಳೆಯ ಮೈದಾನ ಮತ್ತೆ ಸಿಕ್ಕಿತು. ಆ ವರ್ಷ ಮೇಳದ ಹೊಣೆ ಜಿಲ್ಲಾಡಳಿತದ್ದು. 2024ರಲ್ಲಿ ವಿಶ್ವಭಾರತಿ ಮತ್ತು ಶಾಂತಿನಿಕೇತನ ಟ್ರಸ್ಟ್ ಸೇರಿ ನಡೆಸಿದವು.

ಇದು ಒಳ್ಳೆಯ ಆರಂಭ. ಆದರೆ ಮಳಿಗೆ ಎಷ್ಟು ದಿನ, ಕಸ ಎತ್ತುವ ಖರ್ಚು ಯಾರದು, ಉಳಿದ ದಿನ ಮೈದಾನದಲ್ಲಿ ಮಕ್ಕಳು ಆಡಬಹುದೇ, ನಡೆಯುವವರಿಗೆ ಯಾವ ಗೇಟು ತೆರೆದಿರಬೇಕು ಎಂಬುದನ್ನು ವ್ಯಾಪಾರಿಗಳು, ಶಾಂತಿನಿಕೇತನದ ಹಳೆಯ ನಿವಾಸಿಗಳಾದ ಆಶ್ರಮಿಕರು, ಸಂತಾಲ ಹಳ್ಳಿಗಳವರು ಆಡಳಿತದ ಜೊತೆ ಕೂತು ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಕುಲಪತಿ ಬದಲಾದಂತೆ ಬದಲಾಗದ ಅಂಥ ಒಂದು ಒಪ್ಪಂದ ಮುಂದಿನ ಪೌಷ ಮಾಸದೊಳಗೆ ಆಗಬೇಕು.