ಬೋರ್ಡನ್ನು ಪ್ರೋಗ್ರಾಮೇ ಹುಡುಕಲಿ

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ಗುಪ್ತೋಷ್ಣ ಪಾಠ ನನ್ನ ಪಾಲಿಗೆ ಬಂದಿತ್ತು. ಕರಗುವ ಮಂಜುಗಡ್ಡೆಯ ತಾಪವನ್ನು ಆರ್ಡುಯಿನೊ ಯುನೊ ಬೋರ್ಡಿನ ಸಂವೇದಕದಿಂದ ಅಳೆದು, ಪೈಥಾನ್ ಪ್ರೋಗ್ರಾಮಿನಿಂದ ಪರದೆಯ ಮೇಲೆ ನಕ್ಷೆ ಬಿಡಿಸುವುದು ನನ್ನ ಯೋಜನೆ. ಮನೆಯಲ್ಲಿ ಚೆನ್ನಾಗಿಯೇ ನಡೆದಿತ್ತು. ಶಾಲೆಯ ಕಂಪ್ಯೂಟರಿನಲ್ಲಿ ‘ಪೋರ್ಟ್ ತೆರೆಯಲಾಗಲಿಲ್ಲ’ ಎಂದು ಬಂತು. ನಾನು ಸರಿಪಡಿಸುವಷ್ಟರಲ್ಲಿ ಲೋಟದ ಮಂಜುಗಡ್ಡೆ ನೀರಾಗಿತ್ತು.

ತಪ್ಪು ನನ್ನದೇ. ಪ್ರೋಗ್ರಾಮಿನಲ್ಲಿ ‘ಕಾಮ್ 3’ ಎಂದು ಬರೆದಿದ್ದೆ. ಅದು ನನ್ನ ಲ್ಯಾಪ್‌ಟಾಪಿನ ವಿಂಡೋಸ್ ಕೊಟ್ಟ ಹೆಸರು, ಬೋರ್ಡಿನ ಹೆಸರಲ್ಲ. ಶಾಲೆಯ ಉಬುಂಟುವಿನಲ್ಲಿ ಅದೇ ಬೋರ್ಡು ‘ಟಿಟಿವೈಎಸಿಎಂ 0’ ಆಗಿತ್ತು.

ಪೋರ್ಟಿನ ಹೆಸರು ಬದಲಾದರೂ ಬೋರ್ಡಿನ ಗುರುತು ಬದಲಾಗುವುದಿಲ್ಲ. ಪ್ರತಿ ಯುಎಸ್‌ಬಿ ಸಾಧನವೂ ಜೋಡಿಸಿದ ಕೂಡಲೇ ತಯಾರಕರ ಸಂಖ್ಯೆಯನ್ನೂ ಉತ್ಪನ್ನ ಸಂಖ್ಯೆಯನ್ನೂ ಕಂಪ್ಯೂಟರಿಗೆ ತಿಳಿಸುತ್ತದೆ. ಹದಿನಾರರ ಆಧಾರದಲ್ಲಿ ಬರೆದರೆ ಯುನೊ ಆರ್3 ಬೋರ್ಡಿಗೆ ಅವು 2341 ಮತ್ತು 0043. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿರುವ ಸಿಎಚ್340 ಚಿಪ್ಪಿಗೆ 1ಎ86 ಮತ್ತು 7523.

ಈಗ ನನ್ನ ಪ್ರೋಗ್ರಾಮು ಶುರುವಾದಾಗ ಪೈಸೀರಿಯಲ್ ಲೈಬ್ರರಿಯ ‘ಕಾಮ್‌ಪೋರ್ಟ್ಸ್’ ಫಂಕ್ಷನ್ ಕರೆದು ಆಗ ಇರುವ ಪೋರ್ಟುಗಳ ಪಟ್ಟಿ ಪಡೆಯುತ್ತದೆ. ಒಂದೊಂದರ ಸಂಖ್ಯೆಗಳನ್ನೂ ಹೋಲಿಸುತ್ತದೆ. ಒಂದು ಹೊಂದಿದರೆ ಅದನ್ನೇ ತೆರೆಯುತ್ತದೆ. ಹಲವು ಹೊಂದಿದರೆ ಆರಿಸಲು ನನ್ನನ್ನು ಕೇಳುತ್ತದೆ. ಯಾವುದೂ ಹೊಂದದಿದ್ದರೆ ‘ಕೇಬಲ್ ನೋಡಿ’ ಎನ್ನುತ್ತದೆ. ಚಾರ್ಜಿಂಗಿಗೆ ಮಾತ್ರ ಆಗುವ ಕೇಬಲ್ ಹಾಕಿದರೆ ದೀಪ ಉರಿಯುತ್ತದೆ, ಪೋರ್ಟ್ ಕಾಣುವುದಿಲ್ಲ.

ಎರಡು ಎಚ್ಚರಿಕೆಗಳಿವೆ. ಪೋರ್ಟ್ ತೆರೆದಾಗ ಯುನೊ ಮರುಚಾಲನೆಯಾಗುತ್ತದೆ. ಆದ್ದರಿಂದ ಎರಡು ಸೆಕೆಂಡು ಕಾದು ಓದಬೇಕು. ಸಿಎಚ್340 ಬೇರೆ ಸಾಧನಗಳಲ್ಲೂ ಇರುವುದರಿಂದ ಸಂಖ್ಯೆಯೊಂದೇ ಸಾಲದು. ಪ್ರೋಗ್ರಾಮು ಒಂದು ಅಕ್ಷರ ಕಳಿಸಿ, ಬೋರ್ಡಿನಿಂದ ಮೊದಲೇ ಗೊತ್ತುಮಾಡಿದ ಉತ್ತರ ಬಂದರೆ ಮಾತ್ರ ಒಪ್ಪಬೇಕು.

ಮರುವಾರ ‘ಬಿ’ ವಿಭಾಗಕ್ಕೆ ಅದೇ ಪಾಠ ಮಾಡಿದೆ. ಮಂಜುಗಡ್ಡೆ ಕರಗುತ್ತಿದ್ದರೂ ಗೆರೆ ಸೊನ್ನೆಯ ಬಳಿಯೇ ನಿಂತಿತ್ತು. “ಶಾಖ ಒಳಗೆ ಹೋಗ್ತಾ ಇದೆಯಲ್ಲ ಮಿಸ್, ಮತ್ತೆ ಎಲ್ಲಿಗೆ ಹೋಯ್ತು?” ಎಂದಳು ಒಬ್ಬ ಹುಡುಗಿ. ‘ಎ’ ವಿಭಾಗದವರು ಕಳೆದುಕೊಂಡದ್ದು ಈ ಪ್ರಶ್ನೆಯನ್ನು.

ಮಕ್ಕಳಿಗೆ ಏನು ಗೊತ್ತಿದೆ ಎಂದು ಊಹಿಸದೆ ಪೂರ್ವಜ್ಞಾನ ಪರೀಕ್ಷಿಸಿ ಪಾಠ ಆರಂಭಿಸಲು ನಮಗೆ ಕಲಿಸುತ್ತಾರೆ. ಉಪಕರಣದ ವಿಷಯದಲ್ಲೂ ಅಷ್ಟೇ: ಊಹಿಸಬೇಡಿ, ಕೇಳಿ ತಿಳಿಯಿರಿ.