ಬಂಡೆಯ ಬಿರುಕುಗಳಲ್ಲಿ ಮಲಿನ ನೀರಿನ ಸಂಚಾರ: ಗ್ರಾಮ ಪಂಚಾಯತಿ ಸದಸ್ಯರು ಅರಿಯಬೇಕಾದ ಅಂಶಗಳು

ಬತ್ತಿದ ಕೊಳವೆಬಾವಿಗೆ ಹರಿಸಿದ ಚರಂಡಿ ನೀರು ಕಣ್ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದು ಯಾವ ದಿಕ್ಕಿನಲ್ಲಿ ಸಾಗಿ, ಎಷ್ಟು ದಿನಗಳಲ್ಲಿ ಕುಡಿಯುವ ನೀರಿನ ಮೂಲವನ್ನು ತಲುಪೀತು ಎಂಬುದನ್ನು ಅಂದಾಜಿಸಲು ಅಂತರ್ಜಲ ತಜ್ಞರು ಗಣಿತ ಮಾದರಿಗಳನ್ನು ಬಳಸುತ್ತಾರೆ. ಸ್ಥಳ ಆಯ್ಕೆಯ ನಿರ್ಣಯ ಕೈಗೊಳ್ಳುವ ಸದಸ್ಯರಿಗೆ ಇದರ ತಿರುಳು ತಿಳಿದಿರುವುದು ಅವಶ್ಯಕ.

ಮಾದರಿಯ ಆಧಾರ

ಫ್ರಾನ್ಸ್ ದೇಶದ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮವೇ ಇದರ ಬುನಾದಿ. ನೀರಿನ ಹರಿವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಅಂತರ್ಜಲ ಮಟ್ಟದ ಇಳಿಜಾರು ಮತ್ತು ನೀರನ್ನು ಸಾಗಗೊಡುವ ಪದರದ ಗುಣ. ಈ ಹರಿವನ್ನು, ನೀರು ಸಾಗಬಲ್ಲ ರಂಧ್ರಗಳ ಪ್ರಮಾಣದಿಂದ ಭಾಗಿಸಿದರೆ ನೀರಿನ ನಿಜವಾದ ವೇಗ ದೊರೆಯುತ್ತದೆ.

ಉದಾಹರಣೆಗೆ, 100 ಮೀಟರಿಗೆ 1 ಮೀಟರ್ ಇಳಿಜಾರು ಹಾಗೂ ದಿನಕ್ಕೆ 1 ಮೀಟರ್ ಸಾಗಗೊಡುವ ಗುಣವುಳ್ಳ ಎರಡು ಪದರಗಳನ್ನು ಪರಿಗಣಿಸೋಣ. ಶಿಥಿಲಗೊಂಡ ಮಣ್ಣುಗಲ್ಲಿನ ಪದರದಲ್ಲಿ ರಂಧ್ರಗಳ ಪ್ರಮಾಣ ಶೇ. 10 ಇದ್ದರೆ, 100 ಮೀಟರ್ ಕ್ರಮಿಸಲು ನೀರಿಗೆ 1000 ದಿನ ಬೇಕು. ಗಟ್ಟಿ ಬಂಡೆಯಲ್ಲಿ ಬಿರುಕುಗಳ ಪ್ರಮಾಣ ಕೇವಲ ಶೇ. 0.5 ಇದ್ದರೆ, ಅದೇ ದೂರಕ್ಕೆ 50 ದಿನ ಸಾಕು. ರಾಜ್ಯದ ಬಹುಭಾಗ ಗ್ರಾನೈಟ್, ನೈಸ್ ಮುಂತಾದ ಗಟ್ಟಿ ಶಿಲೆಗಳಿಂದ ಕೂಡಿರುವುದರಿಂದ, ದೂರವೊಂದನ್ನೇ ರಕ್ಷಣೆಯೆಂದು ನಂಬಲಾಗದು.

ಮಲಿನ ವಸ್ತುಗಳ ವರ್ತನೆ

ರೋಗಾಣುಗಳು ಕಾಲಕ್ರಮೇಣ ನಶಿಸುತ್ತವೆ; ಮಣ್ಣಿನ ಪದರವು ಅವುಗಳನ್ನು ಬಹುಮಟ್ಟಿಗೆ ಸೋಸುತ್ತದೆ. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಯ ಸುತ್ತ, ನೀರು 50 ದಿನಗಳಲ್ಲಿ ಸಾಗುವಷ್ಟು ಪ್ರದೇಶವನ್ನು ರಕ್ಷಿತ ವಲಯವಾಗಿಸುವುದು ಈ ಕಾರಣಕ್ಕಾಗಿಯೇ. ಆದರೆ ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳದೆ ನೀರಿನೊಂದಿಗೇ ಚಲಿಸುತ್ತದೆ, ಕುದಿಸಿದರೂ ಹೋಗದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಪಂಪು ನಡೆಸಿದಾಗ ಬಾವಿಯ ಸುತ್ತಲಿನ ಜಲಮಟ್ಟ ಕುಸಿದು, ನೀರಿನ ಸಹಜ ದಿಕ್ಕೇ ಬದಲಾಗಬಹುದು. ಹೀಗಾಗಿ ತಗ್ಗಿನಲ್ಲಿರುವ ತಿಪ್ಪೆಯ ಮಾಲಿನ್ಯವೂ ಮೇಲ್ಭಾಗದ ಬಾವಿಯನ್ನು ಸೇರುವ ಸಂಭವವಿದೆ. ಬತ್ತಿದ ಕೊಳವೆಬಾವಿಗೆ ಹರಿಸಿದ ನೀರಂತೂ ಮಣ್ಣಿನ ಸೋಸುವಿಕೆಯಿಲ್ಲದೆ ನೇರವಾಗಿ ಬಿರುಕುಗಳಿಗೆ ಇಳಿಯುತ್ತದೆ.

ಸದಸ್ಯರು ಗಮನಿಸಬೇಕಾದುದು

1. ನಿರುಪಯುಕ್ತ ಕೊಳವೆಬಾವಿಗಳನ್ನು ಭದ್ರವಾಗಿ ಮುಚ್ಚಿಸುವುದು. ಅವುಗಳಿಗೆ ಕೊಳಚೆ ನೀರು ಬಿಡದಂತೆ ನೋಡಿಕೊಳ್ಳುವುದು.

2. ಇಂಗುಗುಂಡಿ ಅಥವಾ ಕಸ ವಿಲೇವಾರಿ ಘಟಕಕ್ಕೆ ಜಾಗ ಗುರುತಿಸುವ ಮುನ್ನ ಮಣ್ಣಿನ ಆಳ, ಬಂಡೆಯ ಬಿರುಕು, ಜಲಮಟ್ಟ ಹಾಗೂ ಸುತ್ತಲಿನ ಬಾವಿಗಳ ಮಾಹಿತಿಯನ್ನು ಭೂವಿಜ್ಞಾನಿಗಳಿಗೆ ಒದಗಿಸಿ ಅಭಿಪ್ರಾಯ ಪಡೆಯುವುದು.

3. ಕುಡಿಯುವ ನೀರಿನ ಕೊಳವೆಬಾವಿಯ ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಬಿರುಕುಬಿಡದಂತೆ, ನೀರು ನಿಲ್ಲದಂತೆ ನೋಡಿಕೊಳ್ಳುವುದು.

4. ಮಳೆಗಾಲಕ್ಕೆ ಮುಂಚೆ ಮತ್ತು ನಂತರ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ದಿನಾಂಕ ಸಹಿತ ವಹಿಯಲ್ಲಿ ದಾಖಲಿಸುವುದು.

ಮಾದರಿಯ ಫಲಿತಾಂಶವು ಅದಕ್ಕೆ ಒದಗಿಸಿದ ಮಾಹಿತಿಯಷ್ಟೇ ನಂಬಲರ್ಹ. ಗ್ರಾಮದ ವಹಿಯಲ್ಲಿರುವ ಜಲಮಟ್ಟ ಹಾಗೂ ಪರೀಕ್ಷಾ ವಿವರಗಳೇ ಅದಕ್ಕೆ ಮೂಲ ಸಾಮಗ್ರಿ. ಒಮ್ಮೆ ಬಿರುಕುಗಳಿಗೆ ಸೇರಿದ ಮಾಲಿನ್ಯವನ್ನು ಹೊರತೆಗೆಯುವುದು ಅತ್ಯಂತ ಕಷ್ಟಸಾಧ್ಯವಾದುದರಿಂದ, ಸ್ಥಳ ನಿರ್ಣಯದ ಹಂತದಲ್ಲಿಯೇ ಎಚ್ಚರ ವಹಿಸುವುದು ಸೂಕ್ತ.