ಮೀಟರಿನಿಂದ ಈಚೆಗೆ: ಮಳಿಗೆ ಕಟ್ಟಡಗಳ ವಿದ್ಯುತ್ತಿನ ಆರೈಕೆ

ವಿಜಯಪುರ ಜಿಲ್ಲೆಯಲ್ಲಿ ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಉತ್ಪಾದಿಸುವ ಎರಡು ಸ್ಥಳಗಳಿವೆ. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಬಳಿ 290 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುದಾಗಾರವಿದೆ. ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವಿದೆ. ಇಂಥ ಕಡೆ ಯಂತ್ರ ಕೆಟ್ಟು ನಿಲ್ಲುವವರೆಗೆ ಯಾರೂ ಕಾಯುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಘಟಕವನ್ನೇ ನಿಗದಿತ ಕಾಲಕ್ಕೆ ನಿಲ್ಲಿಸಿ, ಬಿಚ್ಚಿ, ಒರೆಸಿ, ಅಳೆದು, ಸವೆದ ಭಾಗವನ್ನು ಬದಲಿಸಿ ಮತ್ತೆ ಚಾಲೂ ಮಾಡುತ್ತಾರೆ. ಅದಕ್ಕೆ ಮುನ್ನೆಚ್ಚರಿಕೆಯ ನಿರ್ವಹಣೆ ಎಂದು ಹೆಸರು.

ಅದೇ ವಿದ್ಯುತ್ತು ಮೈಲಿಗಟ್ಟಲೆ ತಂತಿಯಲ್ಲಿ ಹರಿದು ಸಿಂದಗಿಯ ಬಜಾರಿಗೋ, ಇಂಡಿಯ ಅಂಗಡಿ ಸಾಲಿಗೋ, ಕನ್ನೊಳ್ಳಿಯಂಥ ಊರಿನ ಹಿಟ್ಟಿನ ಗಿರಣಿಗೋ ಬಂದು ಮುಟ್ಟುತ್ತದೆ. ಅಲ್ಲಿಯ ಕೊನೆಯ ಇಪ್ಪತ್ತು ಅಡಿ ತಂತಿಯನ್ನು ಕಟ್ಟಡ ಕಟ್ಟಿದ ದಿನದಿಂದ ಯಾರೂ ತಿರುಗಿ ನೋಡಿರುವುದಿಲ್ಲ. ಮೀಟರಿನವರೆಗಿನ ತಂತಿಯ ಹೊಣೆ ಹೆಸ್ಕಾಂನದು, ಅಂದರೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯದು. ಮೀಟರಿನಿಂದ ಈಚೆಗಿನದು ಕಟ್ಟಡದವರದು. ಕಟ್ಟಡದ ಯಜಮಾನರು ಬಾಡಿಗೆದಾರನ ಕಡೆ ಕೈ ತೋರಿಸುತ್ತಾರೆ, ಬಾಡಿಗೆದಾರ ಯಜಮಾನರ ಕಡೆ. ಹೀಗೆ ಯಾರಿಗೂ ಸೇರದ ಈ ಇಪ್ಪತ್ತು ಅಡಿಯಲ್ಲೇ ಅಪಾಯ ಬೆಳೆಯುತ್ತದೆ.

ನಮ್ಮ ತಾಲ್ಲೂಕು ಪಟ್ಟಣಗಳ ಒಂದು ಮಳಿಗೆ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೆಳಗೆ ಕಿರಾಣಿ, ಬಟ್ಟೆ ಅಂಗಡಿ, ಇಸ್ತ್ರಿ ಅಂಗಡಿ, ಖಾನಾವಳಿ. ಮೇಲೆ ಕಂಪ್ಯೂಟರ್ ತರಗತಿ, ಟ್ಯೂಷನ್, ವೈದ್ಯರ ಕೋಣೆ. ಹತ್ತಲು ಒಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೆ ಮೀಟರುಗಳ ಸಾಲು, ಮೇನ್ ಸ್ವಿಚ್ಚುಗಳು. ಜಾಗ ಖಾಲಿ ಇದೆಯಲ್ಲ ಎಂದು ಅವುಗಳ ಮುಂದೆಯೇ ರಟ್ಟಿನ ಡಬ್ಬಿ, ಹಳೆಯ ಫಲಕ, ಕಸಬರಿಗೆ. ಕಟ್ಟಿದಾಗ ಪ್ರತಿ ಮಳಿಗೆಗೆ ಎರಡು ಬಲ್ಬು, ಒಂದು ಫ್ಯಾನು ಎಂಬ ಲೆಕ್ಕವಿತ್ತು. ಈಗ ಅದೇ ತಂತಿಯ ಮೇಲೆ ಫ್ರಿಜ್, ಎ.ಸಿ., ಝೆರಾಕ್ಸ್ ಯಂತ್ರ ಎಲ್ಲವೂ ಕುಳಿತಿವೆ.

ಇಲ್ಲಿ ಫ್ಯೂಸು ಅಥವಾ ಎಂಸಿಬಿ ಇದೆಯಲ್ಲ, ಅದು ಕಾಯುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ವಿದ್ಯುತ್ತು ಹರಿಯುವ ಕಡೆ ಹುಟ್ಟುವ ಉಷ್ಣವು ವಿದ್ಯುತ್ ಪ್ರವಾಹದ ವರ್ಗ, ರೋಧ ಮತ್ತು ಕಾಲ ಇವುಗಳ ಗುಣಲಬ್ಧ. ಜೂಲನ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೀರಿ. ಅದನ್ನು ಈಗ ಒಂದು ಸ್ಕ್ರೂಗೆ ಅನ್ವಯಿಸೋಣ.

ಚೆನ್ನಾಗಿ ಬಿಗಿದ ಜೋಡಣೆಯ ರೋಧ ಓಮಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಇರುತ್ತದೆ. ಸ್ಕ್ರೂ ಸಡಿಲಾಗಿ ಆ ರೋಧ 0.1 ಓಮಿಗೆ ಏರಿತೆನ್ನಿ. ತಂತಿಯಲ್ಲಿ 20 ಆಂಪಿಯರ್ ಹರಿಯುತ್ತಿದ್ದರೆ ಆ ಒಂದು ಬಿಂದುವಿನಲ್ಲಿ 20 × 20 × 0.1, ಅಂದರೆ 40 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಡ್ಡಿಯೂ ಹೆಚ್ಚುಕಡಿಮೆ ಇಷ್ಟೇ ವ್ಯಾಟಿನದು. ಸೀಸವನ್ನು ಕರಗಿಸುವ ಕಡ್ಡಿಯೊಂದು ಸ್ವಿಚ್ ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ಕಿಗೆ ತಾಗಿಕೊಂಡು, ಅಂಗಡಿ ತೆರೆದಿರುವಷ್ಟು ಹೊತ್ತು ಕಾಯುತ್ತ ಕುಳಿತಂತೆ. ಇಷ್ಟಾದರೂ ಎಂಸಿಬಿ ಬೀಳುವುದಿಲ್ಲ. ಏಕೆಂದರೆ ಅದು ಅಳೆಯುವುದು ಪ್ರವಾಹವನ್ನು, ಉಷ್ಣವನ್ನಲ್ಲ. 20 ಆಂಪಿಯರು ಅದರ ದೃಷ್ಟಿಯಲ್ಲಿ ಸಹಜ. ಸಡಿಲ ಜೋಡಣೆಯು ಪ್ರವಾಹವನ್ನು ಹೆಚ್ಚಿಸುವುದಿಲ್ಲ, ಕೊಂಚ ಕಡಿಮೆಯೇ ಮಾಡುತ್ತದೆ. ಕಾವಲುಗಾರನ ಕಣ್ಣಿಗೆ ಬೀಳದ ಕಳ್ಳ ಇದು.

ಬಿಗಿದ ಸ್ಕ್ರೂ ತಾನಾಗಿ ಏಕೆ ಸಡಿಲಾಗುತ್ತದೆ? ಹಗಲು ಕಾದು ಹಿಗ್ಗುತ್ತದೆ, ರಾತ್ರಿ ತಣಿದು ಕುಗ್ಗುತ್ತದೆ. ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ತಾಪವೇ 40 ಡಿಗ್ರಿ ದಾಟುವುದರಿಂದ ತಂತಿಗೆ ತಣಿಯಲು ಅವಕಾಶ ಇನ್ನೂ ಕಡಿಮೆ. ಸಾಮಾನ್ಯ ಪಿವಿಸಿ ಹೊದಿಕೆಯ ತಂತಿ ತಾಳಬಲ್ಲ ಗರಿಷ್ಠ ತಾಪ 70 ಡಿಗ್ರಿ. ಆರಂಭವೇ 40 ಆದರೆ ಉಳಿದದ್ದು ಮೂವತ್ತೇ. ಅಲ್ಯೂಮಿನಿಯಂ ತಂತಿಯದು ಮತ್ತಷ್ಟು ಉಪದ್ವ್ಯಾಪ. ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸ್ಕ್ರೂವಿನ ಒತ್ತಡಕ್ಕೆ ಮೆಲ್ಲಗೆ ಮೆತ್ತಗಾಗಿ ಜರಗುತ್ತದೆ. ಗಾಳಿ ಸೋಕಿದೊಡನೆ ಅದರ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ, ಆ ಪೊರೆ ವಿದ್ಯುತ್ತನ್ನು ಬಿಡುವುದಿಲ್ಲ. ಕಾದಷ್ಟೂ ಪೊರೆ ದಪ್ಪ, ಪೊರೆ ದಪ್ಪವಾದಷ್ಟೂ ರೋಧ ಹೆಚ್ಚು, ರೋಧ ಹೆಚ್ಚಾದಷ್ಟೂ ಕಾವು ಹೆಚ್ಚು. ಈ ಚಕ್ರ ಒಮ್ಮೆ ಹಿಡಿದರೆ ತಾನಾಗಿ ನಿಲ್ಲುವುದಿಲ್ಲ.

ಇದಕ್ಕೆ ನಮ್ಮ ದೇಶದ ಅತ್ಯಂತ ದುಃಖದ ನಿದರ್ಶನ 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ನಡೆಯಿತು. ಕಟ್ಟಡದ ನೆಲ ಅಂತಸ್ತಿನಲ್ಲಿದ್ದ ಟ್ರಾನ್ಸ್‌ಫಾರ್ಮರಿಗೆ ಅಂದು ಬೆಳಿಗ್ಗೆಯೇ ಬೆಂಕಿ ಹತ್ತಿ ಆರಿಸಲಾಗಿತ್ತು. ರಿಪೇರಿಯೂ ಆಯಿತು. ಕೇಬಲ್ಲಿನ ತುದಿಗೆ ಹೊಸ ಲಗ್ಗನ್ನು ಕೂರಿಸುವಾಗ ಅದನ್ನು ಒತ್ತಿ ಬಿಗಿಯುವ ಕ್ರಿಂಪಿಂಗ್ ಯಂತ್ರ ಬಳಸದೆ ಸುತ್ತಿಗೆಯಿಂದ ಬಡಿದು ಕೆಲಸ ಮುಗಿಸಿದ್ದರು ಎಂಬುದು ಮುಂದೆ ವಿಚಾರಣೆಯಲ್ಲಿ ಹೊರಬಂತು. ಸಂಜೆ ಆ ಜೋಡಣೆ ಕಿಡಿಕಾರಿ ಕಳಚಿ, ಕೇಬಲ್ಲು ಟ್ರಾನ್ಸ್‌ಫಾರ್ಮರಿನ ಮೈಗೆ ತಾಗಿ ರಂಧ್ರ ಕೊರೆಯಿತು. ಎಣ್ಣೆ ಸೋರಿ ಹೊತ್ತಿಕೊಂಡಿತು. ಹೊಗೆ ಮೆಟ್ಟಿಲ ಮಾರ್ಗವಾಗಿ ಬಾಲ್ಕನಿಗೆ ಏರಿತು. 59 ಜನ ಪ್ರೇಕ್ಷಕರು ಉಸಿರುಗಟ್ಟಿ ಸತ್ತರು. ಅಂದು ಬೆಳಿಗ್ಗೆ ರಿಪೇರಿ ಆಗಿರಲಿಲ್ಲ ಎಂದಲ್ಲ, ಆಗಿತ್ತು. ಕೆಟ್ಟದ್ದನ್ನು ಹೇಗೋ ಚಾಲೂ ಮಾಡುವುದೂ ನಿರ್ವಹಣೆಯೂ ಬೇರೆ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಸಡಿಲ ಸ್ಕ್ರೂ ಫೇಸ್ ತಂತಿಯದಾಗದೆ ನ್ಯೂಟ್ರಲ್ ತಂತಿಯದಾದರೆ ಕಥೆ ಬೇರೆ. ಮಳಿಗೆ ಕಟ್ಟಡಕ್ಕೆ ಸಾಮಾನ್ಯವಾಗಿ ಮೂರು ಫೇಸ್ ವಿದ್ಯುತ್ತು ಬರುತ್ತದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400 ವೋಲ್ಟ್. ಒಂದು ಫೇಸಿನ ಇಸ್ತ್ರಿ ಅಂಗಡಿಯಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, ಇನ್ನೊಂದು ಫೇಸಿನ ಅಂಗಡಿಯಲ್ಲಿ 100 ವ್ಯಾಟಿನ ಹಳೆಯ ಬಲ್ಬು ಉರಿಯುತ್ತಿವೆ, ಮೂರನೆಯ ಫೇಸಿನ ಅಂಗಡಿ ಮುಚ್ಚಿದೆ ಎಂದುಕೊಳ್ಳಿ. ಇಬ್ಬರಿಗೂ ಸಮಾನವಾದ ನ್ಯೂಟ್ರಲ್ ಕಳಚಿತು. ಈಗ ಇಸ್ತ್ರಿಪೆಟ್ಟಿಗೆಯೂ ಬಲ್ಬೂ 400 ವೋಲ್ಟಿಗೆ ಸರಣಿಯಲ್ಲಿ ಜೋಡಿಸಿದಂತಾಯಿತು. ಇಸ್ತ್ರಿಪೆಟ್ಟಿಗೆಯ ರೋಧ ಸುಮಾರು 53 ಓಮ್, ಬಲ್ಬಿನದು 529 ಓಮ್. ಲೆಕ್ಕ ಹಾಕಿದರೆ ಇಸ್ತ್ರಿಪೆಟ್ಟಿಗೆಯ ಪಾಲಿಗೆ 36 ವೋಲ್ಟ್, ಬಲ್ಬಿನ ಪಾಲಿಗೆ 364 ವೋಲ್ಟ್! ಒಬ್ಬನಲ್ಲಿ ಇಸ್ತ್ರಿ ಕಾಯುವುದಿಲ್ಲ, ಇನ್ನೊಬ್ಬನಲ್ಲಿ ಬಲ್ಬು ಒಡೆದುಹೋಗುತ್ತದೆ. ಬಲ್ಬಿನ ಜಾಗದಲ್ಲಿ ಕಂಪ್ಯೂಟರೋ ವೈದ್ಯರ ಔಷಧಿ ಇಡುವ ಫ್ರಿಜ್ಜೋ ಇದ್ದಿದ್ದರೆ? ಒಂದೇ ಕಟ್ಟಡದಲ್ಲಿ ಕೆಲವು ದೀಪ ಮಂಕಾಗಿ ಕೆಲವು ಕಣ್ಣು ಕೋರೈಸುವಂತೆ ಉರಿದರೆ ‘ಕರೆಂಟು ಏರಿಳಿತ’ ಎಂದು ಸುಮ್ಮನಾಗದೆ ಕೂಡಲೇ ಮೇನ್ ಬಂದ್ ಮಾಡಿ ವಿದ್ಯುತ್ ಕೆಲಸಗಾರನನ್ನು ಕರೆಯಬೇಕು. ಇಂದಿನ ಎಲ್‌ಇಡಿ ದೀಪಗಳು, ಕಂಪ್ಯೂಟರುಗಳು ನ್ಯೂಟ್ರಲ್ಲಿಗೆ ಇನ್ನೊಂದು ಹೊರೆ ತಂದಿವೆ. ಇವು ಎಳೆಯುವ ಪ್ರವಾಹದ ಅಲೆ ನಯವಾಗಿರದ ಕಾರಣ ಮೂರು ಫೇಸ್‌ಗಳಲ್ಲಿ ಹೊರೆ ಸಮನಾಗಿದ್ದರೂ ನ್ಯೂಟ್ರಲ್ಲಿನಲ್ಲಿ ಪ್ರವಾಹ ಉಳಿದುಬಿಡುತ್ತದೆ.

ಇನ್ನು ಭೂಸಂಪರ್ಕ, ಅಂದರೆ ಅರ್ಥಿಂಗ್. ಈ ವಿಷಯದಲ್ಲಿ ನಮ್ಮ ಸೀಮೆಯ ಎರೆಭೂಮಿಗೆ ತನ್ನದೇ ಸ್ವಭಾವವಿದೆ. ಹಸಿಯಾದ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕೂರಿಸಿದ ಅರ್ಥಿಂಗ್ ಆ ದಿನದ ಅಳತೆಯಲ್ಲಿ ಉತ್ತಮವೆಂದೇ ಕಾಣುತ್ತದೆ. ಬೇಸಿಗೆ ಬಂದಾಗ ಅದೇ ಮಣ್ಣು ಒಣಗಿ, ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುವುದನ್ನು ಜೋಳದ ಹೊಲದಲ್ಲಿ ನೀವು ಕಂಡಿದ್ದೀರಿ. ಹಾಗೆ ಕುಗ್ಗುವಾಗ ಅದು ಹೂತಿಟ್ಟ ಕೊಳವೆಯ ಮೈಯಿಂದಲೂ ಸರಿಯುತ್ತದೆ. ಕೊಳವೆ ನೆಲದಲ್ಲೇ ಇದೆ, ನೆಲಕ್ಕೆ ತಾಗಿಲ್ಲ!

ಇದರ ಪರಿಣಾಮವನ್ನೂ ಲೆಕ್ಕದಲ್ಲಿ ನೋಡೋಣ. ಖಾನಾವಳಿಯ ರುಬ್ಬುವ ಯಂತ್ರದೊಳಗೆ ಫೇಸ್ ತಂತಿ ಕಬ್ಬಿಣದ ಮೈಗೆ ತಾಗಿತು. ಭೂಮಿಯ ಮೂಲಕ ಹಿಂದಿರುಗುವ ದಾರಿಯ ಒಟ್ಟು ರೋಧ 1 ಓಮ್ ಇದ್ದರೆ 230 ಆಂಪಿಯರ್ ನುಗ್ಗಿ 16 ಆಂಪಿಯರಿನ ಎಂಸಿಬಿ ತಕ್ಷಣ ಬೀಳುತ್ತದೆ. ಅದೇ ರೋಧ 20 ಓಮ್ ಆಗಿದ್ದರೆ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. ಎಂಸಿಬಿ ಅಲುಗುವುದಿಲ್ಲ. ಯಂತ್ರದ ಮೈಯಲ್ಲಿ ವಿದ್ಯುತ್ತು ನಿಂತಿರುತ್ತದೆ. ಒದ್ದೆ ಕೈಯಿಂದ ಹಿಟ್ಟು ತೆಗೆಯಲು ಬರುವ ಹುಡುಗನಿಗೆ ಅದು ಹೇಗೆ ತಿಳಿಯಬೇಕು?

ಆದ್ದರಿಂದ ಅರ್ಥಿಂಗಿನ ರೋಧವನ್ನು ಕಡುಬೇಸಿಗೆಯಲ್ಲಿ ಅಳೆಯಬೇಕು, ಮಳೆಗಾಲದಲ್ಲಲ್ಲ. ಗುಂಡಿಗೆ ನೀರು ಹಾಕುತ್ತಿರಬೇಕು. ಉಪ್ಪು, ಇದ್ದಿಲು ಹಾಕುವ ರೂಢಿ ಹಳೆಯದು, ಉಪಯೋಗವೂ ಇದೆ. ಆದರೆ ಉಪ್ಪು ಕಬ್ಬಿಣದ ಕೊಳವೆಯನ್ನು ತಿನ್ನುತ್ತದೆಂಬುದನ್ನು ಮರೆಯಬಾರದು. ಗುಂಡಿಯ ಮುಚ್ಚಳದ ಮೇಲೆ ಫರ್ಶಿ ಹಾಸಿ ಸಿಮೆಂಟು ಬಳಿದುಬಿಟ್ಟ ಅಂಗಡಿಗಳೂ ಉಂಟು. ಅವರಿಗೆ ನೀರು ಹಾಕಲು ಜಾಗವೇ ಇಲ್ಲ.

ಇಂಥ ಸಂದರ್ಭದಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ ಎಂಬ ಉಪಕರಣ. ಹೋದ ಪ್ರವಾಹವೂ ಹಿಂದಿರುಗಿದ ಪ್ರವಾಹವೂ ಸಮನಾಗಿವೆಯೇ ಎಂದು ಅದು ಸದಾ ತೂಗುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೂ, ಅಂದರೆ ಅಷ್ಟು ಬೇರೆ ದಾರಿಯಿಂದ ಸೋರಿದರೂ, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿಯಿದೆ. ವರ್ಷಗಟ್ಟಲೆ ಅಲುಗದ ಯಂತ್ರಭಾಗ ಅಂಟಿಕೊಳ್ಳಬಹುದು, ಆದ್ದರಿಂದ ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ ಬೀಳುತ್ತದೆಯೇ ನೋಡಬೇಕು. ನಿಮ್ಮ ಮನೆಯದನ್ನು ಕೊನೆಯ ಬಾರಿ ಒತ್ತಿದ್ದು ಎಂದು? ಗುಂಡಿ ಒತ್ತಿದಾಗ ಬಿದ್ದರೆ ಉಪಕರಣ ಸರಿಯಿದೆ ಎಂದಷ್ಟೇ ಅರ್ಥ, ಅರ್ಥಿಂಗ್ ಸರಿಯಿದೆ ಎಂದಲ್ಲ.

ಮತ್ತೆ ಆ ಮೆಟ್ಟಿಲಿಗೆ ಬರೋಣ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಚೇರಿ ಕಟ್ಟಡದಲ್ಲಿ ವಿದ್ಯುತ್ ತಂತಿಗಳು ಸಾಗುವ ಡಕ್ಟಿನಲ್ಲಿ ಬೆಂಕಿ ಹುಟ್ಟಿತು. ಇಡೀ ಕಟ್ಟಡ ಸುಟ್ಟುಹೋಗುವಂಥ ಬೆಂಕಿಯಲ್ಲ ಅದು. ಆದರೆ ಅಂತಸ್ತಿನಿಂದ ಅಂತಸ್ತಿಗೆ ತೆರೆದಿದ್ದ ಡಕ್ಟು ಹೊಗೆಗೊಡೆಯಂತೆ ಕೆಲಸ ಮಾಡಿತು. ಉರಿಯುವ ಪಿವಿಸಿಯ ಕರಿಹೊಗೆ ಮೇಲಿನ ಕಚೇರಿಗಳನ್ನು ತುಂಬಿತು. ಬೀಗ ಹಾಕಿದ್ದ ತುರ್ತು ಬಾಗಿಲುಗಳ ಸುದ್ದಿ ಆಗಿನ ವರದಿಗಳಲ್ಲಿ ಬಂತು. ಉಸಿರಾಡಲಾಗದೆ ಕೆಲವರು ಕಿಟಕಿಯಿಂದ ಜಿಗಿದರು. ಒಟ್ಟು ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಅವರನ್ನು ಕಳೆದುಕೊಂಡವರು, ಬದುಕುಳಿದವರು ಕೂಡಿ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಘಟನೆ ಕಟ್ಟಿ ಅಗ್ನಿಸುರಕ್ಷತೆಯ ತಿಳಿವಳಿಕೆ ಮೂಡಿಸತೊಡಗಿದರು. ಡಕ್ಟು ಪ್ರತಿ ಅಂತಸ್ತನ್ನು ದಾಟುವಲ್ಲಿ ಬೆಂಕಿ ತಡೆಯುವ ವಸ್ತುವಿನಿಂದ ಅದನ್ನು ಮುಚ್ಚಿರಬೇಕು. ಹೊಸ ಕೇಬಲ್ಲು ಎಳೆಯುವಾಗ ಒಡೆದರೆ ಮತ್ತೆ ಮುಚ್ಚಬೇಕು. ಎರಡಂತಸ್ತಿನ ನಮ್ಮ ಕಟ್ಟಡಗಳಲ್ಲಿ ಡಕ್ಟಿನ ಬದಲು ಮೆಟ್ಟಿಲೇ ಹೊಗೆಗೊಡೆ. ಅದರ ಬುಡದಲ್ಲಿ ಮೀಟರು, ಮೀಟರಿನ ಮುಂದೆ ರಟ್ಟು, ತಲೆಯ ಮೇಲೆ ಟ್ಯೂಷನ್ನಿನ ಮಕ್ಕಳು.

ಜನರೇಟರಿನ ಬಗ್ಗೆ ಒಂದೇ ಮಾತು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ನೇರವಾಗಿ ಬೋರ್ಡಿಗೆ ಜೋಡಿಸಿದರೆ ಆ ವಿದ್ಯುತ್ತು ಹಿಮ್ಮುಖವಾಗಿ ಬೀದಿಯ ಟ್ರಾನ್ಸ್‌ಫಾರ್ಮರ್ ಸೇರಿ 11,000 ವೋಲ್ಟಾಗಿ ಕಂಬದ ತಂತಿಗೆ ಏರಬಹುದು. ಅಲ್ಲಿ, ಲೈನ್ ಬಂದಾಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಇರುತ್ತಾನೆ.

ಹಾಗಾದರೆ ಆರೈಕೆಯೆಂದರೆ ಏನೇನು? ಹೆಚ್ಚಿನದೇನಲ್ಲ. ವರ್ಷಕ್ಕೊಮ್ಮೆ, ಬಿಸಿಲು ಏರುವ ಮೊದಲು ಫೆಬ್ರವರಿಯಲ್ಲಿ, ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನಿಂದ ಮೇನ್ ಬಂದ್ ಮಾಡಿಸಿ, ಅದಕ್ಕೆ ಬೀಗ ಹಾಕಿಸಿ, ಧೂಳು ತೆಗೆಸಿ ಜೋಡಣೆಗಳನ್ನು ಬಿಗಿಸುವುದು. ಬಿಗಿತಕ್ಕೂ ಮಿತಿಯುಂಟು, ಅತಿಯಾಗಿ ತಿರುಚಿದರೆ ಎಳೆಗಳು ಕತ್ತರಿಸುತ್ತವೆ. ರೋಹಿಣಿ ಮಳೆಗೆ ಮುಂಚೆ ಅರ್ಥಿಂಗಿನ ಅಳತೆ ಮತ್ತು ಮೆಗ್ಗರ್ ಪರೀಕ್ಷೆ. ಮೆಗ್ಗರ್ ಎಂಬುದು 500 ವೋಲ್ಟ್ ನೇರ ವಿದ್ಯುತ್ತನ್ನು ಹಾಯಿಸಿ ತಂತಿಯ ಹೊದಿಕೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಉಪಕರಣ. ಒಂದು ಮೆಗಾಓಮಿಗಿಂತ ಕಡಿಮೆ ಬರಬಾರದು. ಹೋದ ವರ್ಷ 50, ಈ ವರ್ಷ 8 ಎಂದು ಬಂದರೆ ನಿಯಮದ ಪ್ರಕಾರ ಎರಡೂ ತೇರ್ಗಡೆಯೇ. ಆದರೆ ತಿಳಿದವರು ಎರಡನೆಯದನ್ನು ಕಂಡು ಎಚ್ಚರಗೊಳ್ಳುತ್ತಾರೆ. ಹಿಂದಿನ ಅಂಕಿ ಬರೆದಿಟ್ಟಿದ್ದರೆ ಮಾತ್ರ ಈ ಎಚ್ಚರ ಸಾಧ್ಯ. ದೊಡ್ಡ ಕಟ್ಟಡಗಳಲ್ಲಿ ಈಗ ಶಾಖವನ್ನೇ ಚಿತ್ರವಾಗಿ ತೋರಿಸುವ ಅವಕೆಂಪು ಕ್ಯಾಮರಾ ಬಳಸುತ್ತಾರೆ. ಹೊರೆ ಇರುವಾಗಲೇ ದೂರದಿಂದ ನೋಡಿದರೆ ಸಡಿಲ ಸ್ಕ್ರೂ ದೀಪದಂತೆ ಹೊಳೆಯುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿ ತುಂಬ ದೀಪದ ಸರ ತೂಗಿಸುವ ಮುನ್ನ ಇನ್ನೊಮ್ಮೆ ಬೋರ್ಡಿನ ಕಡೆ ನೋಡುವುದು ಒಳ್ಳೆಯದು.

ವಿದ್ಯಾರ್ಥಿಗಳಾದ ನೀವು ಬೋರ್ಡು ಬಿಚ್ಚಲು ಹೋಗಬೇಡಿ. ಅದು ಕಲಿತವರ ಕೆಲಸ. ಆದರೆ ಮೂಗು, ಕಣ್ಣು, ಕಿವಿ ನಿಮ್ಮವೇ. ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಕೊಳೆತ ಮೀನಿನಂಥ ವಾಸನೆ, ಕಂದುಬಣ್ಣಕ್ಕೆ ತಿರುಗಿದ ಸ್ವಿಚ್ಚು, ಚಟಚಟ ಸದ್ದು, ಕಿತ್ತಾಗ ಬಿಸಿಯಿರುವ ಪ್ಲಗ್ಗು ಇವನ್ನು ಕಂಡರೆ ಅಂಗಡಿಯ ಕಾಕಾನಿಗೋ ಟ್ಯೂಷನ್ನಿನ ಗುರುಗಳಿಗೋ ಆಗಲೇ ಹೇಳಿ. ಇಂದು ಸಂಜೆ ಮೆಟ್ಟಿಲು ಇಳಿಯುವಾಗ ಮೀಟರ್ ಬೋರ್ಡಿನ ಮುಂದೆ ಏನಿದೆ, ಮೇನ್ ಸ್ವಿಚ್ಚಿನವರೆಗೆ ಕತ್ತಲಲ್ಲಿ ಕೈ ಹೋಗುತ್ತದೆಯೇ, ಆ ಪೆಟ್ಟಿಗೆಗೆ ಬೀಗವಿದ್ದರೆ ಬೀಗದ ಕೈ ಯಾರ ಬಳಿ ಇದೆ, ಅವರು ರಾತ್ರಿ ಎಷ್ಟು ಗಂಟೆಗೆ ಮನೆಗೆ ಹೋಗುತ್ತಾರೆ ಎಂದು ವಿಚಾರಿಸಿ.